ಅತ್ತೆ ಮತ್ತು ಪ್ಲಮ್ ಹೂವು

ಹೂವು ನೋಡಲು ಟಿಕೆಟ್ ತೆಗೆದುಕೊಂಡು ಹೋಗುವುದು ನನಗೆ ಇಂದಿಗೂ ಸ್ವಲ್ಪ ಸಂಕೋಚದ ವಿಷಯ. ಆದರೂ ಮಾರ್ಚ್ ಬಂದರೆ ಹೋಗುತ್ತೇನೆ. ನಾವಿರುವ ಪ್ಲೇನ್ಸ್‌ಬರೋದಿಂದ ನ್ಯೂಯಾರ್ಕಿಗೆ ಡ್ರೈವ್ ಮಾಡಿ, ಪಾರ್ಕಿಂಗಿಗಾಗಿ ಮತ್ತೊಂದಷ್ಟು ಸುತ್ತಿ, ಅಲ್ಲಿನ ಜಪಾನೀ ಶೈಲಿಯ ತೋಟದ ಪ್ಲಮ್ ಹೂವಿನ ಫೋಟೋ ತೆಗೆದು ವಾಪಸು ಬರುತ್ತೇನೆ. ಚೆರ್ರಿ ಅರಳುವಾಗ ಊರೆಲ್ಲ ನೆರೆಯುತ್ತದೆ. ಪ್ಲಮ್‌ಗೆ ಅಷ್ಟು ಜನರಿಲ್ಲ. ಚಪ್ಪರ ಹಾಕುವ ಮೊದಲೇ ಮದುವೆಮನೆಗೆ ಬಂದು ಕೂರುವ ನೆಂಟರ ಹಾಗೆ, ಅದು ಚಳಿ ಮುಗಿಯುವ ಮೊದಲೇ, ಎಲೆಗೂ ಕಾಯದೆ ಅರಳಿಬಿಡುತ್ತದೆ. ಜಪಾನಿನವರು ಈ ಅವಸರವನ್ನು ಧೈರ್ಯವೆಂದು ಮೆಚ್ಚುತ್ತಾರೆ. ಕಾಯಿ ಬಿಟ್ಟಾಗ ಉಪ್ಪಿನಲ್ಲಿ ಹಾಕಿಡುತ್ತಾರೆ. ಎರಡನೆಯದು ನಮಗೂ ಸುಲಭವಾಗಿ ಅರ್ಥವಾಗುತ್ತದೆ.

ಈ ವರ್ಷ ಅತ್ತೆಯನ್ನೂ, ಅಂದರೆ ನನ್ನ ಹೆಂಡತಿಯ ತಾಯಿಯನ್ನೂ, ಕರೆದುಕೊಂಡು ಹೋದೆ. ಅವರು ಮೈಸೂರಿನಿಂದ ಬಂದದ್ದು ಡಿಸೆಂಬರಿನಲ್ಲಿ. ಅಂದಿನಿಂದ ದೇವರಿಗೆ ಅಂಗಡಿಯ ಸೇವಂತಿಗೆಯೇ ಗತಿ, ಅದೂ ಫ್ರಿಜ್ಜಿನಿಂದ. "ದೇವರಿಗೆ ನೆಗಡಿ ಆಗತ್ತೆ" ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ, ಅವರು ನಗಲಿಲ್ಲ. ಗಿಡದಿಂದ ಬಿಡಿಸಿದ ಒಂದು ಹೂವಾದರೂ ಏರಿಸದೆ ಪೂಜೆ ಮಾಡಿದ ಹಾಗೇ ಅನ್ನಿಸುವುದಿಲ್ಲ ಎಂದು ಅವರಿಗೆ ನಿಜಕ್ಕೂ ಸಂಕಟವಿತ್ತು.

ನನಗದು ನೆನಪಾದದ್ದು ತೋಟದೊಳಗೆ, ಅವರ ಕೋಟಿನ ಜೇಬಿನಿಂದ ಪ್ಲಾಸ್ಟಿಕ್ ಕವರ್ ಹೊರಬಂದಾಗ. ಮೈಸೂರಿನ ಬೆಳಗನ್ನು ಬಲ್ಲವರಿಗೆ ಈ ಕವರ್ ಪರಿಚಯವೇ. ವಾಕಿಂಗ್ ಹೊರಟ ಗೌರವಸ್ಥರು ಯಾರದೋ ಕಾಂಪೌಂಡಿನ ದಾಸವಾಳ, ಕಣಗಿಲೆಗಳನ್ನು ಇದರಲ್ಲಿ ತುಂಬಿಸಿಕೊಳ್ಳುತ್ತಾರೆ. ದೇವರ ಲೆಕ್ಕಕ್ಕೆ ಹೋಗುವುದರಿಂದ ಯಾರೂ ಇದನ್ನು ಕಳ್ಳತನ ಎನ್ನುವುದಿಲ್ಲ.

"ಅತ್ತೆ, ಇಲ್ಲಿ ಕೀಳೋ ಹಾಗಿಲ್ಲ" ಎಂದು ಬೋರ್ಡು ತೋರಿಸಿದೆ.

"ಒಂದೇ ಒಂದು?"

"ಒಂದೂ ಇಲ್ಲ. ಸೆಕ್ಯೂರಿಟಿಯವರು ನೋಡ್ತಾ ಇದಾರೆ."

ಅವರ ಮುಖ ಸಪ್ಪಗಾಯಿತು. ನನಗೂ ಬೇಸರವಾಯಿತು. ಸಮಾಧಾನಕ್ಕೆಂದು, "ವಾಸನೆನಾದ್ರೂ ನೋಡಿ, ತುಂಬಾ ಚೆನ್ನಾಗಿರತ್ತಂತೆ" ಎಂದು ಬಾಗಿದ ಕೊಂಬೆಯೊಂದನ್ನು ತೋರಿಸಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ದೇವರಿಗೆ ಏರಿಸೋಕ್ ಮುಂಚೆ ಹೂವ ಮೂಸ್ತಾರಾ ಯಾರಾದ್ರೂ?"

ಕೀಳಬಾರದು ಎಂಬುದು ತೋಟದ ಕಾನೂನು, ಮೂಸಬಾರದು ಎಂಬುದು ಅವರ ಮನೆಯ ಕಾನೂನು. ನನಗಂತೂ ದಾರಿ ಕಾಣಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಮರವನ್ನೇ ನೋಡಿದರು. ಕವರ್ ಮಡಿಸಿ ಜೇಬಿಗಿಟ್ಟರು. ಆ ಚಳಿಯಲ್ಲಿ ಶೂ ಬಿಚ್ಚಿ, ಕಣ್ಣು ಮುಚ್ಚಿ, ಕೈಮುಗಿದು ಏನೋ ಹೇಳಿಕೊಂಡರು. ಕ್ಯಾಮೆರಾ ಹಿಡಿದಿದ್ದ ಹೆಂಗಸೊಬ್ಬಳು ಪಕ್ಕಕ್ಕೆ ಸರಿದು ಕಾದಳು.

"ಏನ್ ಮಾಡಿದ್ರಿ ಅತ್ತೆ?"

"ಮನಸ್ಸಲ್ಲೇ ಇಡೀ ಮರಾನೇ ಏರಿಸ್ಬಿಟ್ಟೆ. ಇದ್ದಲ್ಲೇ ಇರ್ಲಿ ಬಿಡಿ."

ಆಮೇಲೆ ಕೊಂಬೆಯ ಹತ್ತಿರ ಹೋಗಿ, ಹೂವಿಗೆ ಮೂಗು ತಾಗುವಷ್ಟು ಬಗ್ಗಿ, ದೀರ್ಘವಾಗಿ ಉಸಿರೆಳೆದುಕೊಂಡರು. ಡಿಸೆಂಬರಿನಿಂದ ನಾನು ಕಾಣದಿದ್ದ ನಗು ಅವರ ಮುಖದ ಮೇಲೆ ಬಂತು.

"ಬನ್ನಿ, ನೀವೂ ಮೂಸಿ. ಈಗ ಪ್ರಸಾದ."

ಇಷ್ಟು ವರ್ಷ ಬರೀ ಫೋಟೋ ತೆಗೆದವನು, ಫೋನನ್ನು ಜೇಬಿಗೆ ಹಾಕಿ, ಅಭ್ಯಾಸಬಲದಿಂದ ಬಲಗೈ ಮುಂದೆ ಚಾಚಿದೆ. ಇದು ಕೈಗೆ ಸಿಗುವ ಪ್ರಸಾದವಲ್ಲ ಎಂದು ಹೊಳೆದು, ಮೂಗು ಚಾಚಿದೆ.