ಆಯುಧ ಪೂಜೆಯ ದಿನ ಅರೆದ ಪುಡಿ

ಅಂಗಿ ಗುಂಡಿಯಷ್ಟು ದೊಡ್ಡ ಬಿಲ್ಲೆಯೊಂದಕ್ಕೆ ನಾಲ್ಕು ವರ್ಷ ಸುರಿದವಳು ನಾನು. ಬಿಸ್ಮತ್ ಫೆರೈಟ್ ಅದರ ಹೆಸರು. ವಿದ್ಯುತ್ತಿನ ಗುಣ, ಅಯಸ್ಕಾಂತದ ಗುಣ ಎರಡೂ ಒಂದರಲ್ಲೇ ಇರುವುದರಿಂದ ಮಲ್ಟಿಫೆರಾಯಿಕ್ ಎಂಬ ಬಿರುದು ಬೇರೆ. ಅದರೊಳಗಿನ ಒಂದೊಂದು ಕಬ್ಬಿಣದ ಪರಮಾಣುವೂ ಪುಟಾಣಿ ಅಯಸ್ಕಾಂತವೇ. ಆದರೆ ಅಕ್ಕಪಕ್ಕದವು ತದ್ವಿರುದ್ಧ ದಿಕ್ಕಿಗೆ ಮುಖ ಮಾಡಿ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತವೆ. ಬಿಸ್ಮತ್ತಿನ ಜಾಗಕ್ಕೆ ಕೊಂಚ ಚಿಕ್ಕ ಪರಮಾಣು ತುರುಕಿದರೆ ಒಳಗಿನ ಚೌಕಟ್ಟು ವಾರೆಯಾಗಿ, ಅಳಿಸದೆ ಚೂರು ಕಾಂತಶಕ್ತಿ ಉಳಿಯಬೇಕು. ಆ ಚೂರು ಕಂಡರೆ ನನಗೆ ಪಿಎಚ್‌ಡಿ, ಇಲ್ಲದಿದ್ದರೆ ಇಲ್ಲ.

ಬಿಲ್ಲೆ ಕುಲುಮೆಯಿಂದ ಹೊರಬಂದದ್ದು ಆಯುಧ ಪೂಜೆಯ ದಿನ. ಕೆಂಗೇರಿಯ ನಮ್ಮ ಲ್ಯಾಬಿನಲ್ಲಿ ಕುಲುಮೆಗೆ ಚೆಂಡುಹೂವಿನ ಹಾರ, ಕಂಪ್ಯೂಟರಿಗೆ ಕುಂಕುಮ. ನಾನು ಪುಡಿ ಅರೆಯುವ ಕಲ್ಲಿನ ಕುಟ್ಟಾಣಿಯೂ ವಿಭೂತಿ ಬಳಿದುಕೊಂಡು ಕೂತಿತ್ತು. ಬಿಲ್ಲೆಯನ್ನು ಪುಡಿ ಮಾಡಿಯೇ ಅಳೆಯಬೇಕಾದ್ದರಿಂದ ಅದಕ್ಕೆ ಕೈ ಹಾಕಿದೆ.

"ಮೇಡಂ, ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಂಗಿಲ್ಲ," ಎಂದರು ಅಟೆಂಡರ್.

ಮರುದಿನ ರಜೆ. ಅಳೆಯುವ ಯಂತ್ರದಲ್ಲಿ ನನ್ನ ಸರದಿ ಅದರ ಮಾರನೆಯ ಬೆಳಿಗ್ಗೆಯೇ. ತಾಳ್ಮೆಯಂತೂ ನನ್ನ ಜಾತಕದಲ್ಲೇ ಇಲ್ಲ. ಊಟದ ಡಬ್ಬಿಯ ಮುಚ್ಚಳ ತೊಳೆದು, ಬಿಲ್ಲೆಯನ್ನು ಅದರ ಮೇಲಿಟ್ಟು ಡಬ್ಬಿಯ ಸ್ಟೀಲ್ ಚಮಚದ ಬೆನ್ನಿನಿಂದ ಗರಗರ ಅರೆದೆ.

ನನ್ನ ಸರದಿಯ ದಿನ ಯಂತ್ರ ಕೊಟ್ಟ ಫಲಿತಾಂಶ ನೋಡಿ ಕಿರುಚಿಯೇಬಿಟ್ಟೆ. ಚೂರಲ್ಲ, ರಾಶಿ ಕಾಂತಶಕ್ತಿ! ಅಮ್ಮನಿಗೆ ಫೋನ್ ಮಾಡಿದೆ. ನಾನು ಅತ್ತಿಗುಪ್ಪೆಯಲ್ಲಿ ಮೆಟ್ರೊ ಇಳಿದು ಬರುವಷ್ಟರಲ್ಲಿ ಅಮ್ಮನಿಂದ ಸುದ್ದಿ ಕೇಳಿದ್ದ, ನಮ್ಮ ಬೀದಿಯಲ್ಲಿ ಹೂ ಮಾರುವ ಆಂಟಿ, "ಡಾಕ್ಟ್ರಾದ್ರಂತೆ, ಈ ಮಂಡಿ ಒಸಿ ನೋಡಮ್ಮ," ಎಂದು ಕಾಲು ಚಾಚಿದರು.

ಮರುದಿನ ಮೈಸೂರು ಪಾಕ್ ಹಿಡಿದು ಗೈಡ್ ಮುಂದೆ ನಿಂತೆ. ಅವರು ಗ್ರಾಫ್ ನೋಡಿ ಹುಬ್ಬು ಗಂಟಿಕ್ಕಿದರು.

"ಯಾವುದ್ರಲ್ಲಿ ಅರೆದ್ರಿ?"

ಹೇಳಿದೆ. ಚಮಚ ಇಸಿದುಕೊಂಡು ಮೇಜಿನ ಮೇಲಿದ್ದ ಅಯಸ್ಕಾಂತದ ಹತ್ತಿರ ತಂದರು. ಟಕ್ಕನೆ ಕಚ್ಚಿಕೊಂಡಿತು. ಅಯ್ಯೋ ದೇವರೇ! ಸವೆದುಬಿದ್ದ ಚಮಚದ ಕಬ್ಬಿಣವನ್ನು ಅಳೆದು ನಾನು ಊರಿಗೆಲ್ಲ ಡಂಗುರ ಸಾರಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗೈಡ್ ಮೈಸೂರು ಪಾಕನ್ನೇನೂ ವಾಪಸ್ ಕೊಡಲಿಲ್ಲ.

ಹೊಸ ಬಿಲ್ಲೆ ಮಾಡಿದೆ. ಕುಟ್ಟಾಣಿಯ ವಿಭೂತಿ ತೊಳೆದು, ತೋಳು ಬಿದ್ದುಹೋಗುವಷ್ಟು ಅರೆದೆ. ಈ ಸಲ ಗ್ರಾಫಿನ ನಡುವೆ ಗೆರೆಗಳೆರಡು ದಾರದೆಳೆಯಷ್ಟು ಮಾತ್ರ ಬೇರೆಯಾಗಿದ್ದವು. ಆ ಸಂದೇ ನಾನು ಹುಡುಕುತ್ತಿದ್ದ ಚೂರು ಕಾಂತಶಕ್ತಿ. ಗೈಡ್ ಎರಡು ಸಲ ನೋಡಿ, "ಬರೆಯೋಕೆ ಶುರು ಮಾಡಿ," ಎಂದರು. ಮನೆಯಲ್ಲಿ ಚಿತ್ರ ತೋರಿಸಿದರೆ ಅಮ್ಮನ ಮುಖ ಸಣ್ಣಗಾಯಿತು.

"ಇಷ್ಟೇನಾ? ಹೋದ ಸಲ ಎಷ್ಟೊಂದಿತ್ತಲ್ಲೇ!"

"ಇಷ್ಟೇ ಅಮ್ಮ. ಆದ್ರೆ ಇದು ಚಮಚದ್ದಲ್ಲ, ನಂದು," ಎಂದೆ.

ಅಮ್ಮ ಇನ್ನೊಮ್ಮೆ ಆ ಗೆರೆಗಳನ್ನು ದಿಟ್ಟಿಸಿದಳು. ಆಮೇಲೆ ಒಳಗೆ ಹೋಗಿ, ನಾಳೆಯ ಡಬ್ಬಿಯಿಂದ ಸ್ಟೀಲ್ ಚಮಚ ತೆಗೆದು ಮರದ್ದೊಂದನ್ನು ಹಾಕಿದಳು.