ಖಾಲಿ ಉಳಿದಿದ್ದ ಸಾಲು

ವಿಜ್ಞಾನದ ಮೇಡಂ ಅವರ ಬಲ ಮಣಿಕಟ್ಟಿನ ಮೇಲೆ ಗೋಲಿಯಷ್ಟು ದಪ್ಪದ ಒಂದು ಗಂಟಿತ್ತು. ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡು ಎದ್ದದ್ದು. ಬೋರ್ಡಿನ ಮೇಲೆ ಬರೆಯುವಾಗ ಆ ಕೈ ನಡುಗುತ್ತಿತ್ತು, ಸಾಲುಗಳು ಇಳಿಜಾರಿಗೆ ಜಾರುತ್ತಿದ್ದವು. ಹಿರಿಯೂರಿನ ಆಸ್ಪತ್ರೆಯ ಚೀಟಿಯಲ್ಲಿ ‘ಬಚ್ಚಲಲ್ಲಿ ಜಾರಿ ಬಿದ್ದದ್ದು’ ಎಂದಿದೆ. ಅದು ಸುಳ್ಳು. ಸುಳ್ಳು ಬರೆದವರಿಗೆ ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದ ಆ ಹೆಂಗಸು ಅದನ್ನು ತಾವೇ ಹೇಳಿ ಬರೆಸಿದ್ದರು.

ಅವರಿಂದ ನನಗೆ ಮೊದಲ ಏಟು ಬಿದ್ದದ್ದು ಒಂಬತ್ತನೇ ತರಗತಿಯಲ್ಲಿ, ಜೂನ್ ಇಪ್ಪತ್ತೇಳರಂದು. ನನ್ನ ದಿನಚರಿ ಪುಸ್ತಕದಲ್ಲಿದೆ. ಆ ದಿನ ಅಭಿಸರಣೆಯ ಪ್ರಯೋಗ. ಬಿಸಿಯೂಟದ ಅಡುಗೆಮನೆಯಿಂದ ತಂದ ಆಲೂಗಡ್ಡೆಯಲ್ಲಿ ಸರಿಯಾಗಿ ಐದು ಸೆಂಟಿಮೀಟರಿನ ಎರಡು ಕಡ್ಡಿ ಕತ್ತರಿಸಿ, ಒಂದನ್ನು ಬರೀ ನೀರಿಗೆ, ಇನ್ನೊಂದನ್ನು ಗಟ್ಟಿ ಉಪ್ಪುನೀರಿಗೆ ಹಾಕಿ, ಒಂದು ತಾಸಿನ ಮೇಲೆ ಅಳೆಯಬೇಕು. ನಾನು ಪಾಠವನ್ನು ಮೊದಲೇ ಓದಿದ್ದೆ. ಅಳೆಯದೆಯೇ ಬರೆದುಬಿಟ್ಟೆ: ನೀರಿನದು ಐದೂವರೆ, ಉಪ್ಪಿನದು ನಾಲ್ಕೂವರೆ. ಮೇಡಂ ಸ್ಕೇಲಿಟ್ಟು ನೋಡಿದರು. ಐದು ಪಾಯಿಂಟ್ ಎರಡು, ನಾಲ್ಕು ಪಾಯಿಂಟ್ ಏಳು. ಅದೇ ಸ್ಕೇಲು ನನ್ನ ಬೆರಳ ಗೆಣ್ಣುಗಳ ಮೇಲೆ ನಾಲ್ಕು ಸಲ ಇಳಿಯಿತು.

“ಕಂಡಿದ್ದು ಬರಿ. ಕಾಣ್ಬೇಕಿತ್ತು ಅಂತ ಅನ್ಸಿದ್ದು ಬರೀಬ್ಯಾಡ.”

ಆಮೇಲೆ ಎರಡೂ ಕಡ್ಡಿಗಳನ್ನು ಊದಿದ ನನ್ನ ಕೈಗಿಟ್ಟು, “ಮುರಿ” ಅಂದರು. ನೀರಿನದು ಟಕ್ಕನೆ ಮುರಿಯಿತು. ಉಪ್ಪಿನದು ಹಗ್ಗದಂತೆ ಬಾಗಿತು.

“ಜೀವಕೋಶದ ಪೊರೆ ನೀರಿಗೆ ದಾರಿ ಬಿಡ್ತೈತೆ, ಉಪ್ಪಿಗೆ ಬಿಡಲ್ಲ. ಉಪ್ಪು ಎತ್ಲಾಗೆ ಜಾಸ್ತಿಯೋ ನೀರು ಅತ್ಲಾಗೆ ಓಡ್ತೈತೆ. ಹೊರಗೆ ಉಪ್ಪು ಜಾಸ್ತಿ ಆದ್ರೆ ಒಳಗಿನ ನೀರು ಹೊರಗೆ. ನೀರಾಗೆ ಮುಳುಗಿದ್ರೂ ಬಾಯಾರಿ ಸಾಯಾದು ಅಂದ್ರೆ ಇದೇ.”

ನಮ್ಮ ಈರುಳ್ಳಿ ಹೊಲ ಶಾಲೆಯ ಹಿಂದಿನ ಗೋಡೆಗೆ ತಾಗಿತ್ತು. ಒಂದು ಬದುವಿನಾಚೆ ದೊಡ್ಡಪ್ಪನ ಹೊಲ. ಸೆಪ್ಟೆಂಬರ್ ಮೊದಲ ವಾರದಲ್ಲಿ ನಮ್ಮ ಈರುಳ್ಳಿಯ ಗರಿಗಳು ತುದಿ ಸುಟ್ಟು ಮಲಗಿದವು. ನೀರು ಕಟ್ಟಿದರೂ ಏಳಲಿಲ್ಲ. ದೊಡ್ಡಪ್ಪನ ಬೆಳೆ ನೆಟ್ಟಗೆ ನಿಂತಿತ್ತು. ಅಪ್ಪ ಮೂರು ದಿನ ಬದುವಿನ ಮೇಲೆ ನಿಂತು ಅದನ್ನೇ ನೋಡಿದ.

ಸೆಪ್ಟೆಂಬರ್ ಒಂಬತ್ತು, ಎರಡನೇ ಪೀರಿಯಡ್. ಕೂಗು ಕೇಳಿ ಕಿಟಕಿಗೆ ಹೋದೆವು. ದೊಡ್ಡಪ್ಪ ಬದುವಿನ ಮೇಲೆ ಬಿದ್ದಿದ್ದ, ಬಾಯಿ ತುಂಬ ರಕ್ತ. ಅಪ್ಪ ಗುದ್ದಲಿಯನ್ನು ತಿರುವಿ ಹಿಡಿದು ಕಾವು ಎತ್ತಿದ್ದ.

“ನನ್ ಬೆಳೆಗೆ ಕಳೆಔಷಧಿ ಹೊಡ್ದವ್ನೆ! ಇವತ್ತು ಇವನ್ ಹೆಣ ಕೆಡವ್ತೀನಿ!”

ಮೇಡಂ ಚಪ್ಪಲಿ ಬಿಟ್ಟು ಓಡಿದರು. ಕುಸಿದ ಗೋಡೆ ದಾಟಿ ಇಬ್ಬರ ನಡುವೆ ನುಗ್ಗಿ ಕೈ ಎತ್ತಿದರು. ದೊಡ್ಡಪ್ಪನ ತಲೆಗೆ ಬೀಳಬೇಕಾದ ಏಟು ಆ ಕೈಗೆ ಬಿತ್ತು. ಒಣಗಿದ ತೆಂಗಿನ ಗರಿ ಮುರಿದಂಥ ಸದ್ದು. ಅಪ್ಪ ಆಗಲೂ ನಿಲ್ಲಲಿಲ್ಲ. ದೊಡ್ಡಪ್ಪನ ಪಕ್ಕೆಗೆ ಎರಡು ಸಲ ಒದ್ದ. ಇಬ್ಬರು ಮೇಷ್ಟ್ರು ಬಂದು ಹಿಂದಿನಿಂದ ಅವುಚಿ ಹಿಡಿದರು. ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡೇ ನಾನೂ ಅವರ ಹಿಂದೆ ಓಡಿದೆ.

ಮೇಡಂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು. “ಒಂದು ತಾಸು ತಡ್ಕಳಪ್ಪ. ಆಮೇಲೆ ಬೇಕಾದ್ರೆ ಕೊಲ್ಲು. ಕಳೆಔಷಧಿ ಹೊಡ್ದಿದ್ರೆ ಮೊದ್ಲು ಈ ಬದುವಿನ ಹುಲ್ಲು ಸಾಯ್ಬೇಕಿತ್ತು. ಹೆಂಗೆ ಹಸ್ರಾಗೈತೆ ನೋಡು.”

ಬಿಸಿಯೂಟದ ಅಡುಗೆಮನೆಯಿಂದ ಎರಡು ಲೋಟ, ಒಂದು ಆಲೂಗಡ್ಡೆ, ಚಾಕು ತರಿಸಿದರು. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ನಮ್ಮ ಪಂಪ್‌ಸೆಟ್ ಮನೆಯ ಖಾಲಿ ಚೀಲಗಳ ತಳದಿಂದ ಕೊಡವಿದ ಗೊಬ್ಬರದ ನೀರು. “ಗೊಬ್ಬರಾನೂ ಒಂಥರಾ ಉಪ್ಪೇ” ಅಂದು, ನಾನು ಕತ್ತರಿಸಿಕೊಟ್ಟ ಆಲೂಗಡ್ಡೆ ಕಡ್ಡಿಗಳನ್ನು ಇಳಿಬಿಟ್ಟರು. ಆಸ್ಪತ್ರೆಗೆ ಹೋಗೋಣವೆಂದು ಎಷ್ಟು ಹೇಳಿದರೂ ಏಳಲಿಲ್ಲ. ದೊಡ್ಡಪ್ಪ ಒಂದು ಹಲ್ಲನ್ನು ಅಂಗೈಗೆ ಉಗಿದು ನೋಡುತ್ತಾ ಕುಳಿತ. ಸೆರಗಿನೊಳಗೆ ಮೇಡಂ ಕೈ ಹಲಸಿನ ತೊಳೆಯ ಹಾಗೆ ಊದುತ್ತಿತ್ತು.

ತಾಸಾದ ಮೇಲೆ ಎಡಗೈಯಲ್ಲಿ ಎರಡೂ ಕಡ್ಡಿ ಅಪ್ಪನಿಗೆ ಕೊಟ್ಟರು. “ಮುರಿ.” ಒಂದು ಟಕ್ಕನೆ ಮುರಿಯಿತು. ಗೊಬ್ಬರದ್ದು ಬಾಗಿತು, ಮುರಿಯಲಿಲ್ಲ.

ಆಗ ಮೇಡಂ ನನ್ನತ್ತ ತಿರುಗಿದರು. ಮನೆಯದನ್ನೂ ನಾನು ಬರೆದಿಡುತ್ತೇನೆಂದು ಅವರಿಗೆ ಗೊತ್ತಿತ್ತು. “ನಿನ್ ಪುಸ್ತಕದಾಗೆ ಗೊಬ್ಬರದ್ದು ಐತಾ?”

“ಬಾಯಿ ಬಿಟ್ರೆ ಹೂತಾಕ್ತೀನಿ ನೋಡು” ಅಂದ ಅಪ್ಪ.

ನಾನು ಪುಸ್ತಕ ತೆಗೆದು ಓದಿದೆ. “ಆಗಸ್ಟ್ ಮೂವತ್ತು. ಅರ್ಧ ಎಕರೆಗೆ ಅಂಗಡಿಯವನು ಹೇಳಿದ್ದು ಅರ್ಧ ಚೀಲ. ದೊಡ್ಡಪ್ಪ ಹಾಕಿದ್ದು ಒಂದು. ಅಪ್ಪ ಹಾಕಿದ್ದು ಮೂರು.”

ಅಪ್ಪ ಕೊಸರಿಕೊಂಡು ಬಂದು ಹೊಡೆದ. ನನ್ನ ತುಟಿ ಒಡೆಯಿತು. ಆ ಪುಟದ ಮೂಲೆಯಲ್ಲಿ ಕಂದು ಕಲೆ ಈಗಲೂ ಇದೆ.

“ಅಲ್ಲಲೇ,” ಕುಳಿತಲ್ಲಿಂದಲೇ ದೊಡ್ಡಪ್ಪ ಕೇಳಿದ, “ನಾನು ಒಂದು ಹಾಕ್ದೆ ಅಂತ ನೀನು ಮೂರು ಸುರುದ್ಯಾ? ಅದುಕ್ಕೆ ನನ್ ಹಲ್ಲು ಹೋತೇನಲೇ?” ನಗಲು ಹೋಗಿ ರಕ್ತ ಕೆಮ್ಮಿದ. ಅಪ್ಪ ಬದುವಿನ ಮೇಲೆ ಕುಸಿದು ಕುಳಿತ. ಎದ್ದು ಮನೆಗೆ ಹೋದಾಗ ಮೂರು ಗಂಟೆಯಾಗಿತ್ತಂತೆ.

ಆಸ್ಪತ್ರೆಗೆ ಮೇಡಂ ಬ್ಯಾಗು ಹಿಡಿದು ನಾನೂ ಹೋದೆ. ಯಾರಾದರೂ ಹೊಡೆದಿದ್ದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದರು ಡಾಕ್ಟರು. ಮೇಡಂ ರೆಪ್ಪೆ ಮಿಟುಕಿಸದೆ, “ಬಚ್ಚಲಾಗೆ ಜಾರಿದೆ, ಬರ್ಕಳ್ರಿ” ಅಂದರು. ಹೊರಗೆ ಬಂದ ಮೇಲೆ ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು.

“ನೀನು ಸುಳ್ಳು ಬರೀಬ್ಯಾಡ. ನಿಜಾನೂ ಬರೀಬ್ಯಾಡ. ನಿಮ್ಮಪ್ಪ ಜೈಲಿಗೆ ಹೋದ್ರೆ ನಾಳೆ ಹೊಲಕ್ಕೆ ಹೋಗಾಳು ನೀನೇ, ಶಾಲೆ ಮುಗೀತು. ಆ ಸಾಲು ಖಾಲಿ ಬಿಡು.”

ದೊಡ್ಡಪ್ಪನೂ ದೂರು ಕೊಡಲಿಲ್ಲ. ಮೇಡಂ ಕೈ ಮತ್ತೆ ಚಾಕು ಹಿಡಿಯಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸುವ ತನಕ ಹದಿನಾಲ್ಕು ಸಲ ಅವರ ತರಗತಿಗಳಿಗೆ ಆಲೂಗಡ್ಡೆ ಕತ್ತರಿಸಿಕೊಟ್ಟೆ. ಹೊಡೆಯುವುದನ್ನೇನೂ ಅವರು ಬಿಡಲಿಲ್ಲ. ಎಡಗೈಯಲ್ಲಿ ಹೊಡೆಯುತ್ತಿದ್ದುದರಿಂದ ಅರ್ಧಕ್ಕರ್ಧ ಗುರಿ ತಪ್ಪುತ್ತಿತ್ತು.

ಹೋದ ತಿಂಗಳು ಅವರ ಎದೆಬಡಿತ ನಿಂತಿತು. ನಾನೀಗ ಡಿಗ್ರಿ ಎರಡನೇ ವರ್ಷ. ಸುದ್ದಿ ಕೇಳಿ ಅಪ್ಪ ತಾನೂ ಬರುತ್ತೇನೆಂದು ಹೊರಟ. ಅಲ್ಲಿ ಹತ್ತಿರ ಹೋಗಲಿಲ್ಲ. ಹೊದಿಕೆಯ ಮೇಲಿದ್ದ ಆ ಮಣಿಕಟ್ಟನ್ನೇ ದೂರದಿಂದ ನೋಡುತ್ತಾ ನಿಂತಿದ್ದ.

ಮನೆಗೆ ಬಂದು ಕಾಲು ತೊಳೆದವನೇ, “ಆ ಪುಸ್ತಕ ತಗಂಬಾ. ಬರಿ” ಅಂದ.

ಖಾಲಿ ಸಾಲು ಹುಡುಕಿ ಬರೆದೆ. ಅಪ್ಪನಿಗೆ ಓದು ಬರದು. “ಏನ್ ಬರ್ದೆ, ಓದು.”

“ಸೆಪ್ಟೆಂಬರ್ ಒಂಬತ್ತು. ಮೇಡಂ ಕೈ ಮುರಿದದ್ದು ಗುದ್ದಲಿಯ ಕಾವಿನಿಂದ. ಹೊಡೆದವನು ನನ್ನ ಅಪ್ಪ.”

ಅಪ್ಪ ಗೋಡೆ ಕಡೆ ಮುಖ ಮಾಡಿದ.

“ಇನ್ನೊಂದ್ಸಲ ಓದು.”