ಬಂದೇಅಲಿ ಸೇಠರ ಮೋಟಾರಿಗೆ ಎಳೆದ ವಾಯರು

ಶಹಾಬಾದಿನ ಗೊಲ್ಲಾಳಪ್ಪ ವಾಯರಿನ ಕೆಲಸ ಕಲಿತದ್ದು ಸಿಮೆಂಟ್ ಕಾರ್ಖಾನೆಯಲ್ಲಿ. ಎಂಟು ವರ್ಷ ಅಲ್ಲಿ ದುಡಿದು ಹೊರಬಂದ ಮೇಲೆ ಮನೆಯ ಕಟ್ಟೆಯ ಮೇಲೆ ಕೂತು ಮೋಟಾರುಗಳ ದೀಪ, ಹಾರನ್ನು, ಬ್ಯಾಟರಿ ದುರಸ್ತಿ ಮಾಡುತ್ತಿದ್ದ. ಅರ್ಧ ತಾಸು ಗಾಡಿ ಓಡಿಸಿ, ವಾಯರನ್ನು ಬರಿಗೈಯಲ್ಲಿ ಹಿಡಿದು, ಬಿಸಿಯಾಗಿಲ್ಲ ಅಂತ ನೋಡಿದ ಮೇಲೆಯೇ ಯಜಮಾನರಿಗೆ ಒಪ್ಪಿಸುವವನು.

೧೯೪೪ರ ಬೇಸಿಗೆಯಲ್ಲಿ ವಾಡಿಯ ಟೂರಿಂಗ್ ಟಾಕೀಸಿನ ಬಂದೇಅಲಿ ಸೇಠರು ಅವನನ್ನು ಕರೆಸಿದರು. ಹಳೇ ಮೋಟಾರಿನ ನೆತ್ತಿಗೆ ಲೌಡ್‌ಸ್ಪೀಕರ್ ಕಟ್ಟಿ ಊರೂರಿಗೆ ಸಿನಿಮಾದ ಸುದ್ದಿ ಸಾರಬೇಕಿತ್ತು. ಯುದ್ಧದ ಕಾಲ, ರಬ್ಬರಿಗೆ ಬರ. ರಬ್ಬರ್ ಹೊದಿಕೆಯ ದಪ್ಪ ವಾಯರಿಗಾಗಿ ಗೊಲ್ಲಾಳಪ್ಪ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಎರಡು ದಿನ ಅಂಗಡಿಗಳನ್ನು ಅಲೆದ. ಸಿಕ್ಕಿದ್ದು ಮನೆಯ ದೀಪಕ್ಕೆ ಎಳೆಯುವ, ನೂಲು ಸುತ್ತಿದ ಸಣ್ಣ ವಾಯರು ಮಾತ್ರ.

“ಮ್ಯಾಲಿನ ಸ್ಪೀಕರಿಗಿ ಇದು ನಡೀತದ್ರಿ ಸೇಠರೇ,” ಅಂದ. “ಆದ್ರ ಬ್ಯಾಟರಿಯಿಂದ ದನಿ ದೊಡ್ಡದು ಮಾಡೋ ಮಷೀನಿಗಿ ಬರೋದು ದಪ್ಪ ಇರಬೇಕು. ಅಲ್ಲಿ ಕರೆಂಟ್ ಭಾಳ ಹರೀತದ. ಸಣ್ಣದಾದ್ರ ಕಾದು ಸುಡ್ತದ.”

“ಐತವಾರ ಸೇಡಂದಾಗ ಆಟ ಅದ. ಏನರೆ ಮಾಡಿ ಕಟ್ಟು,” ಅಂದರು ಸೇಠರು.

ಗೊಲ್ಲಾಳಪ್ಪ ಕಟ್ಟಿದ. ಮೂರು ಎಳೆ ಕೂಡಿಸಿ ಹೊಸೆದ. ವಾಯರು ದಾಟುವ ತಗಡಿನ ತೂತಿಗೆ ಉಜ್ಜಿ ನೂಲು ಹರಿಯಬಾರದೆಂದು ಚರ್ಮದ ತುಂಡು ಸಿಕ್ಕಿಸಿದ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂಡಿಸಿ, ಡ್ರೈವರ್ ಮೆಹತಾಬ್‌ನನ್ನು ಹತ್ತಿರ ಕರೆದ.

“ತಮ್ಮಾ, ಫ್ಯೂಸ್ ಹೋದ್ರ ಹೋಗಲಿ. ಅಲ್ಲಿ ದಪ್ಪ ತಂತಿ ಬಿಗೀಬ್ಯಾಡ. ಸ್ಪೀಕರ್ ಬಂದ್ ಮಾಡಿ ಸೀದಾ ನನ್ನ ಕಡೆ ಬಾ.”

ಸೇಡಂನ ಆಟ ಚೆನ್ನಾಗಿ ನಡೆಯಿತು. ಮೂರನೇ ವಾರ ಚಿತ್ತಾಪುರದಿಂದ ಕಾಳಗಿಗೆ ಹೋಗುವಾಗ ಗುಂಡಗುರ್ತಿಯ ಹತ್ತಿರ ಫ್ಯೂಸ್ ಹೋಯಿತು. ಹಿಂದೆ ಕೂತಿದ್ದ ಸೇಠರು ಆಟಕ್ಕೆ ತಡವಾಗುತ್ತದೆ ಅಂತ ಕಾಯಲು ಒಪ್ಪಲಿಲ್ಲ. ತಂತಿ ಬಿಗಿ ಅಂದರು. ಮೆಹತಾಬ್ ಬಿಗಿದ. ಊರು ದಾಟುವಷ್ಟರಲ್ಲಿ ಹೊಗೆ ಬಂತು. ಸೇಠರು ಜಿಗಿದು ಪಾರಾದರು. ಮೆಹತಾಬ್ ಉರಿಯೊಳಗೆ ಎರಡೂ ಕೈ ಹಾಕಿ ಬ್ಯಾಟರಿಯಿಂದ ವಾಯರು ಕಿತ್ತ. ಅಷ್ಟರಲ್ಲಿ ಬೆಂಕಿ ಸೀಟು ಹಿಡಿದಿತ್ತು. ಮೋಟಾರು ಉಳಿಯಲಿಲ್ಲ, ಅವನ ಬೆರಳುಗಳೂ ಉಳಿಯಲಿಲ್ಲ.

ವಾಯರ್‌ಮನ್ ಹಾಳು ವಾಯರ್ ಹಾಕಿದ ಅಂತ ಸೇಠರು ಹೋದಲ್ಲೆಲ್ಲ ಹೇಳಿದರು. ಕಟ್ಟೆಗೆ ಬರುವ ಮೋಟಾರುಗಳು ನಿಂತವು. ಗೊಲ್ಲಾಳಪ್ಪ ಚಿಂಚೋಳಿಗೆ, ಮೆಹತಾಬ್‌ನ ತಾಯಿಯ ಮನೆಗೆ ಹೋದ.

“ನೀ ಬ್ಯಾಡ ಅಂದಿದ್ದಿ ಅಣ್ಣಾ. ನಾನೇ ಬಿಗಿದೆ,” ಅಂದ ಮೆಹತಾಬ್.

“ಹಂಗಾದ್ರ ನಾಕು ಮಂದಿ ಮುಂದ ಅದೊಂದು ಮಾತು ಹೇಳು.”

ಮೆಹತಾಬ್ ಬಟ್ಟೆ ಸುತ್ತಿದ ತನ್ನ ಕೈಗಳನ್ನೇ ನೋಡುತ್ತಿದ್ದ. “ಈ ಮನಿಗಿ ಜ್ವಾಳ ಸೇಠರ ಕಡಿಂದ ಬರ್ಲಿಕತ್ತದ. ಅಮ್ಮಿಗಿ ನಾ ಒಬ್ಬನೇ.”

ಗೊಲ್ಲಾಳಪ್ಪ ಮತ್ತೆ ಕೇಳಲಿಲ್ಲ. ಮೆಹತಾಬ್‌ನ ತಾಯಿ ತಂದ ಚಹಾವನ್ನು ಬಸಿಗೆ ಸುರಿದು, ಅವನ ಬಾಯಿಗೆ ಹಿಡಿದು ಕುಡಿಸಿ ಮನೆಗೆ ಬಂದ.

“ನಿಮ್ದೇನು ತಪ್ಪದ?” ಅಂದಳು ಹೆಂಡತಿ ಸಾಬಮ್ಮ.

“ಅದ. ಸುಡ್ತದ ಅಂತ ಗೊತ್ತಿದ್ದೇ ಕಟ್ಟೀನಿ. ಕಟ್ಟೂದಿಲ್ಲ ಅಂತ ಎದ್ದು ಬರಬೇಕಿತ್ತು.”

ಆಮೇಲೆ ಅವನು ಹಾಸುಗಲ್ಲಿನ ಖಣಿಯಲ್ಲಿ ಕೂಲಿಗೆ ಸೇರಿದ. ಯುದ್ಧ ಮುಗಿದು ರಬ್ಬರ್ ವಾಯರು ಶಹಾಬಾದಿನ ಬಜಾರಿಗೇ ಬಂತು. ಸೇಠರು ಬೇರೆ ಮೋಟಾರು ಕೊಂಡರು. ಒಂದು ಮುಂಜಾನೆ ಸ್ಟೇಷನ್ನಿನ ಎದುರು ಅದರ ಬಾನೆಟ್ ತೆರೆದು ಹೊಸ ಡ್ರೈವರ್ ನೀರು ಹಾಕುತ್ತಿದ್ದ. ಖಣಿಗೆ ಹೊರಟಿದ್ದ ಗೊಲ್ಲಾಳಪ್ಪ ಇಣುಕಿದ. ಬ್ಯಾಟರಿಯಿಂದ ಹೊರಟದ್ದು ಅಂಥದೇ ನೂಲಿನ ಸಣ್ಣ ವಾಯರು, ಒಂದೇ ಎಳೆ. ಫ್ಯೂಸೇ ಇರಲಿಲ್ಲ.

“ಇದನ್ನ ತೆಗೆಸು ತಮ್ಮಾ. ದಪ್ಪಂದು ಈಗ ಇಲ್ಲೇ ಸಿಗ್ತದ.”

“ಮೊದಲಿನ ಮೋಟಾರ್ ಸುಟ್ಟಾಂವ ನೀನೇ ಅಲ್ಲ?” ಅಂದ ಡ್ರೈವರ್, ಬಾನೆಟ್ ಮುಚ್ಚುತ್ತ.

ಸ್ಪೀಕರ್ ಕೂಗುತ್ತ ಮೋಟಾರು ವಾಡಿಯ ದಾರಿ ಹಿಡಿಯಿತು. ಗೊಲ್ಲಾಳಪ್ಪ ಧೂಳು ಇಳಿಯುವವರೆಗೆ ನಿಂತಿದ್ದು ಖಣಿಗೆ ನಡೆದ.